ಪೆಟ್ಟಿಗೆ ಅಂದ ಹೂಂ

ನಮ್ಮಮ್ಮನಿಗೆ ರೇಡಿಯೋ ವಿಷಯ ಒಂದಕ್ಷರ ಗೊತ್ತಿಲ್ಲ, ಹೆಸರಿಡುವುದರಲ್ಲಿ ಮಾತ್ರ ಎತ್ತಿದ ಕೈ. ಅಣ್ಣ ದ್ವೀಪದ ಕೆಲಸಕ್ಕೆ ಹೊರಡುವ ಮುಂಚೆ ಊಟದ ಮೇಜಿನ ಮೇಲೆ ಕೈಯಲ್ಲಿ ಹಿಡಿಯುವ ಎರಡು ರೇಡಿಯೋ ಇಟ್ಟು, ಒಂದರಿಂದ ಇನ್ನೊಂದಕ್ಕೆ ಸಂದೇಶ ಕಳಿಸಿ ತೋರಿಸಿದ್ದ. ಮಾತಲ್ಲ, ಬರಹ. ಗುಂಡಿ ಒತ್ತಿ ಒಂದೊಂದೇ ಅಕ್ಷರ ಕೂಡಿಸಿ ಕಳಿಸಿದರೆ ಕರ್ರ್ ಅಂತ ಒಂದು ಸದ್ದು. ಆ ಸದ್ದಿನೊಳಗೆ ಅಕ್ಷರಗಳೆಲ್ಲ ಕಟ್ಟು ಕಟ್ಟಿಕೊಂಡು ಹೋಗಿ ಆ ಕಡೆಯ ಪುಟ್ಟ ಪರದೆಯ ಮೇಲೆ ಬಿಚ್ಚಿಕೊಳ್ಳುತ್ತವೆ. ಬಿಚ್ಚಿಕೊಂಡ ತಕ್ಷಣ ಆ ರೇಡಿಯೋ ಯಾರೂ ಮುಟ್ಟದೆ ತಾನೇ ತಾನಾಗಿ "ತಲುಪಿತು" ಅಂತ ಚಿಟ್ ಎನ್ನುವ ಒಂದು ಸದ್ದನ್ನು ವಾಪಸ್ಸು ಕಳಿಸುತ್ತದೆ. ಹವ್ಯಾಸಿ ರೇಡಿಯೋದವರು ಅದಕ್ಕೆ ಆಕ್ ಅನ್ನುತ್ತಾರೆ.

"ಆಕ್! ಕಾಗೆಗೆ ಗಂಟಲು ಕಟ್ಟಿದ ಹಾಗಿದೆ," ಎಂದಳು ಅಮ್ಮ. "ಕಥೆ ಹೇಳುವಾಗ ಮಕ್ಕಳು ಹೂಂ, ಹೂಂ ಅಂತಿರ್ತಾರಲ್ವಾ? ಹಾಗೆ ತಾನೆ ಇದು? ಹೂಂ ಅನ್ನಿ, ಸಾಕು."

ಅವತ್ತಿಗೆ ನಮ್ಮನೆಯಲ್ಲಿ ಆಕ್ ಹೋಗಿ ಹೂಂ ಬಂತು, ಅಮ್ಮನ ಬಾಯಲ್ಲಿ ರೇಡಿಯೋ ಪೆಟ್ಟಿಗೆಯಾಯಿತು. ನಾನು ಸಂದೇಶ ಕಳಿಸಿದ ಮೇಲೆ "ಹೂಂ ಬಂತಾ?" ಅಂತ ಅಮ್ಮ ಅಡುಗೆಮನೆಯಿಂದ ಕೂಗುವುದು, ಬರಲಿಲ್ಲ ಅಂದರೆ "ಇನ್ನೊಂದ್ಸಲ ನೂಕೇ" ಅನ್ನುವುದು. ಅಪ್ಪ ಪೇಪರಿನಲ್ಲಿ ಮುಖ ಹುದುಗಿಸಿಕೊಂಡು ಅವಳ ಮಾತಿಗೆ ಸುಮ್ಮನೆ ಹೂಂಗುಟ್ಟಿದರೆ, "ಪೆಟ್ಟಿಗೆ ಹೂಂ ಬೇಡ ನಂಗೆ, ಮನುಷ್ಯರ ಹೂಂ ಕೊಡಿ" ಎಂದು ರೇಗುತ್ತಿದ್ದಳು. ಅಪ್ಪ ಪೇಪರ್ ಮಡಿಸಿಟ್ಟು ಎರಡನೆಯ ಸಲ ಹೂಂ ಅನ್ನುತ್ತಿದ್ದರು.

ಅಣ್ಣನ ಕೆಲಸ ಇದ್ದದ್ದು ಒಂದು ಬೋಳು ದ್ವೀಪದಲ್ಲಿ. ಗಾಳಿ ಎಷ್ಟು ಬೀಸಿತು, ಅಲೆ ಎಷ್ಟು ಎದ್ದಿತು ಅಂತ ಅಳೆಯುವ ಕೇಂದ್ರ. ಅಲ್ಲಿಗೆ ಫೋನಿಲ್ಲ. ಇಲಾಖೆಯ ರೇಡಿಯೋ ಇಲಾಖೆಯ ಮಾತಿಗೆ ಮಾತ್ರ. ವಾರಕ್ಕೊಂದು ದೋಣಿ. ಅವನಿಗೋಸ್ಕರ ನಾನು ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ತಗೊಂಡೆ. ನನ್ನ ಸಂದೇಶ ಊರ ಹಿಂದಿನ ಗುಡ್ಡದ ಮೇಲಿರುವ ಮರುಪ್ರಸಾರದ ಪೆಟ್ಟಿಗೆಗೆ ಹೋಗಿ, ಅದು ದೀಪಸ್ತಂಭದ ಮೇಲಿನ ಪೆಟ್ಟಿಗೆಗೆ ದಾಟಿಸಿ, ಅದು ಅಣ್ಣನಿಗೆ ದಾಟಿಸಬೇಕು. ಅವನ ರೇಡಿಯೋದ ಹೂಂ ವಾಪಸ್ಸು ಬರುವುದೂ ಅದೇ ದಾರಿಯಲ್ಲಿ. ಒಂದು ಸಲಕ್ಕೆ ಅರವತ್ತು ಚಿಲ್ಲರೆ ಅಕ್ಷರ, ಅದೂ ಇಂಗ್ಲಿಷ್ ಅಕ್ಷರ. ಕನ್ನಡವನ್ನು ಅದರಲ್ಲಿ ತುರುಕಬೇಕು. ಆ ಅಕ್ಷರದಲ್ಲಿ ಅಣ್ಣನೂ ಒಂದೇ, ಅನ್ನವೂ ಒಂದೇ. "ಅನ್ನ ಹೊತ್ತಿಹೋಯಿತು" ಅಂತ ಅವನು ಕಳಿಸಿದಾಗ "ಮೈಮೇಲೆ ನೀರು ಹಾಕ್ಕೊಳ್ಳೋ" ಅಂತ ನಾನು ಕಳಿಸಿದ್ದೆ. ಗಾಳಿಯಲ್ಲಿ ಹೋಗುವುದನ್ನು ರೇಡಿಯೋ ಇಟ್ಟುಕೊಂಡ ಯಾರು ಬೇಕಾದರೂ ಓದಬಹುದಾದ್ದರಿಂದ ನಮ್ಮ ಜಗಳಗಳನ್ನೆಲ್ಲ ಅವನು ರಜೆಗೆ ಬಂದಾಗ ಆಡಿಕೊಳ್ಳುತ್ತಿದ್ದೆವು.

ಅಪ್ಪ ಟೈಲರ್. ಕಾಲಿನಿಂದ ತುಳಿಯುವ ಮಿಷನ್ನು, ಗೋಡೆಗೆ ಒರಗಿಸಿದ ಇಸ್ತ್ರಿ ಮೇಜು, ಪರದೆ ಎಳೆದರೆ ಅಳತೆ ಕೊಡುವ ಜಾಗ. ಅಂಗಡಿ ಅಷ್ಟೇ. ಬಟ್ಟೆ ಕತ್ತರಿಸುವುದು, ಗುಂಡಿಗೆ ಕಾಜಾ ಹಾಕುವುದು, ಗಿರಾಕಿಗಳ ಹತ್ತಿರ ಬಾಯಿ ಮಾಡುವುದು ನನ್ನ ಪಾಲು. ಅಂಗಡಿಯಲ್ಲಿ ಅವರ ಪಕ್ಕ ಇರುವವಳು ನಾನು, ಸಕ್ಕರೆ ಕಾಯಿಲೆಯ ಮಾತ್ರೆ ನೆನಪಿಸುವವಳು ನಾನು. ಆದರೆ ಬಾಗಿಲಿಗೆ ಯಾವ ಬಣ್ಣ ಹೊಡೆಸಬೇಕು ಅನ್ನುವುದಕ್ಕೂ "ದೊಡ್ಡೋನನ್ನ ಒಂದು ಮಾತು ಕೇಳು" ಅನ್ನುತ್ತಿದ್ದರು. ದೊಡ್ಡೋನು ಅಂದರೆ ಅಣ್ಣ. ನನಗಿಂತ ಎರಡು ವರ್ಷ ದೊಡ್ಡವನು, ಅಷ್ಟಕ್ಕೇ ಇಷ್ಟು ದರ್ಬಾರು. ಮೈ ಉರಿಯುತ್ತಿತ್ತು ನನಗೆ. ಆದರೂ ಕೇಳುತ್ತಿದ್ದೆ.

ಹೊಸ ಶೂ ಅಪ್ಪನ ಬಲಗಾಲಿನ ಹೆಬ್ಬೆರಳನ್ನು ಕಚ್ಚಿತ್ತು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಗಾಯ ನೋಯುವುದಿಲ್ಲವಂತೆ. ನೋಯದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಕಾಲುಚೀಲ ಹಾಕಿಕೊಂಡೇ ಮಿಷನ್ನು ತುಳಿದರು. ಅಂಗಡಿಯಲ್ಲಿ ಏನೋ ವಾಸನೆ ಅಂತ ನಾನು ಮೂಲೆ ಮೂಲೆ ಗುಡಿಸಿದೆ, ಇಲಿ ಸತ್ತಿದೆ ಅಂತ ಇಸ್ತ್ರಿ ಮೇಜನ್ನು ಎಳೆದು ನೋಡಿದೆ. ಆಮೇಲೆ ಒಂದು ಬೆಳಿಗ್ಗೆ ಜ್ವರದಲ್ಲಿ ನಡುಗುತ್ತಿದ್ದವರ ಕಾಲುಚೀಲ ಎಳೆದೆ. ಬೆರಳು ಕಪ್ಪಗಿತ್ತು, ಪಾದ ಊದಿ ಹೊಳೆಯುತ್ತಿತ್ತು. "ಏನ್ರೀ ಇದು!" ಅಂತ ಅಮ್ಮ ಅಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಎರಡು ದಿನ ಸೂಜಿ, ಔಷಧ ಎಲ್ಲ ಆಯಿತು. ಮೂರನೆಯ ಬೆಳಿಗ್ಗೆ ಡಾಕ್ಟರಮ್ಮ ಮೀನಖಂಡದ ತನಕ ಒತ್ತಿ ನೋಡಿ ನಮ್ಮನ್ನು ಹಾಸಿಗೆಯ ಹತ್ತಿರವೇ ನಿಲ್ಲಿಸಿಕೊಂಡರು. ಅಪ್ಪನಿಗೆ ಕೇಳಿಸಲಿ ಅಂತಲೇ ಹೇಳಿದರು.

"ನಂಜು ಮೇಲೆ ಹತ್ತುತ್ತಿದೆ. ಮೊಣಕಾಲಿನ ಕೆಳಗೆ ತೆಗೀಬೇಕು. ಇವತ್ತು ಮಧ್ಯಾಹ್ನದೊಳಗೆ. ನಾಳೆ ಅಂದ್ರೆ ತೊಡೆ ತನಕ ಹೋಗಬಹುದು, ಇಲ್ಲ ರಕ್ತಕ್ಕೇ ಸೇರಬಹುದು. ಆಮೇಲೆ ನನ್ನ ಕೈಲಿ ಏನೂ ಇರಲ್ಲ."

ಅಪ್ಪ ಚಾವಣಿ ನೋಡುತ್ತಿದ್ದರು. "ಆಗಲ್ಲ," ಎಂದರು.

"ಯೋಚನೆ ಮಾಡಿ."

"ದೊಡ್ಡೋನನ್ನ ಕೇಳದೆ ಆಗಲ್ಲ. ಅವನು ಹೂಂ ಅಂದ್ರೆ ಆಯ್ತು. ಇಲ್ದಿದ್ರೆ ಕಾಲಿನ ಜೊತೆಗೇ ಹೋಗ್ತೀನಿ, ಬಿಡಿ."

ನನಗೆ ಎಲ್ಲಿತ್ತೋ ಸಿಟ್ಟು. "ಅವನೇನು ಡಾಕ್ಟರಾ ಅಪ್ಪಾ? ಅವನು ಗಾಳಿ ಅಳೆಯೋನು. ಇಲ್ಲಿ ಡಾಕ್ಟರಮ್ಮ ಬಾಯಿ ಬಡ್ಕೋತಿದ್ದಾರೆ!"

"ನೀನು ಸುಮ್ನಿರು, ಬಾಯಿಬಡಕಿ. ಹೋಗಿ ಕೇಳು ಅವನನ್ನ."

ಅಮ್ಮ ನನ್ನ ಚೀಲಕ್ಕೆ ಕೈ ಹಾಕಿ ರೇಡಿಯೋ ತೆಗೆದು ನನ್ನ ಕೈಗಿಟ್ಟಳು. ಡಾಕ್ಟರಮ್ಮ ಗಡಿಯಾರ ನೋಡಿಕೊಂಡು ಮುಂದಿನ ಹಾಸಿಗೆಗೆ ಹೋದರು.

ನಾನು ಮೆಟ್ಟಿಲು ಹತ್ತಿ ಆಸ್ಪತ್ರೆಯ ಮಾಳಿಗೆಗೆ ಹೋದೆ. ಸಾಲು ಸಾಲು ಹಾಸಿಗೆ ವಸ್ತ್ರ ಒಣಗುತ್ತಿದ್ದವು. ನೀರಿನ ತೊಟ್ಟಿಯ ಪಕ್ಕ ನಿಂತರೆ ಗುಡ್ಡ ಕಾಣುತ್ತಿತ್ತು. ಗುಂಡಿ ಒತ್ತುವ ಹೆಬ್ಬೆರಳು ಬೆವರಿ ಜಾರುತ್ತಿತ್ತು. "ಅಪ್ಪನ ಕಾಲು ತೆಗೀಬೇಕಂತೆ, ಇವತ್ತೇ. ನಿನ್ನ ಮಾತಿಗೆ ಕಾದಿದ್ದಾರೆ" ಅಂತ ಬರೆದು ಕಳಿಸಿದೆ. ಮೊದಲ ಸಲ ಏನೂ ಇಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಕರ್ರ್ ಅಂದು, ಒಂದು ಉಸಿರು ಬಿಟ್ಟು, ಚಿಟ್ ಅಂತು.

ಹೂಂ ಬಂತು. ಅಂದರೆ ಅಣ್ಣನ ಕೋಣೆಯಲ್ಲಿ ರೇಡಿಯೋ ಚಾಲೂ ಇದೆ, ಸಂದೇಶ ಅದರ ಹೊಟ್ಟೆಗೆ ಹೋಗಿದೆ. ಅಷ್ಟೇ. ಅಣ್ಣ ಬೆಳಗಿನ ಹೊತ್ತು ದ್ವೀಪದ ಆ ತುದಿಗೆ ಅಳತೆ ತರಲು ಹೋಗುತ್ತಾನೆ, ರೇಡಿಯೋ ಕಿಟಕಿಯಲ್ಲಿ ಚಾರ್ಜಿಗೆ ಇರುತ್ತದೆ, ಮರಳುವುದು ಊಟದ ಹೊತ್ತಿಗೆ. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕಾದೆ. ಬೇಗ ನೋಡೋ, ಒಂದು ದಿನ ಕೆಲಸ ತಪ್ಪಿಸಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಅಂತ ಅವನನ್ನು ಬೈದೆ. ಒಗೆಯುವವಳು ಬಂದು ಒಣಗಿದ ವಸ್ತ್ರ ಮಡಿಸಿ ಬುಟ್ಟಿಗೆ ಹಾಕಿಕೊಂಡು ಹೋದಳು. ಪರದೆ ಖಾಲಿಯಾಗಿಯೇ ಇತ್ತು.

ಸಿಸ್ಟರ್ ಮೇಲೆ ಹತ್ತಿ ಬಂದರು. "ಏನಮ್ಮಾ, ಆಪರೇಷನ್ ಕೋಣೆ ನಿಮಗೋಸ್ಕರ ತಡೆದಿಟ್ಟಿದ್ದಾರೆ. ನಿಮ್ಮ ತಂದೆಗೆ ಜ್ವರ ಏರ್ತಿದೆ. ಒಪ್ಪಿಗೆ ಹೌದೋ ಅಲ್ವೋ?"

ಕೆಳಗೆ ಇಳಿದೆ. ಅಪ್ಪನ ತುಟಿ ಒಣಗಿ ಬಿಳಿಚಿತ್ತು, ಕೆನ್ನೆ ಕೆಂಪಗಿತ್ತು. ಕಣ್ಣು ಬಾಗಿಲಲ್ಲೇ ಇತ್ತು. ಅಮ್ಮ ಒದ್ದೆ ಬಟ್ಟೆ ಹಿಡಿದು ತಲೆದಿಸೆಯಲ್ಲಿ ನಿಂತಿದ್ದಳು.

"ಏನಂದ?" ಎಂದು ಅಪ್ಪ ಕೇಳಿದರು.

ನಾನು ಅವರ ಮುಖ ನೋಡಿದೆ. ಸಾಯುತ್ತಿದ್ದಾರೆ ಅನಿಸಿತು. ನನ್ನ ಮಾತಿಗೆ ಕಿಮ್ಮತ್ತಿಲ್ಲ ಅಂತಲೂ ಅನಿಸಿತು.

"ಹೂಂ ಬಂತು ಅಪ್ಪಾ," ಎಂದೆ.

ಒಂದಕ್ಷರ ಸುಳ್ಳಿಲ್ಲ, ಆದರೂ ಮೋಸ. ಅಮ್ಮ ತಟ್ಟನೆ ನನ್ನ ಕಡೆ ತಿರುಗಿದಳು. ಯಾವ ಹೂಂ ಅಂತ ಅವಳು ಕೇಳಬೇಕಿತ್ತು, ಆ ಮಾತನ್ನು ಮನೆಗೆ ತಂದವಳೇ ಅವಳು. ಕೇಳಲಿಲ್ಲ. ಬಟ್ಟೆಯನ್ನು ನೀರಿಗೆ ಅದ್ದಿ ಹಿಂಡಿದಳು.

"ಹೂಂ ಅಂದನಾ," ಎಂದರು ಅಪ್ಪ. "ಬೇರೇನೂ ಹೇಳಲಿಲ್ವಾ?"

"ಇಲ್ಲ."

"ಸರಿ. ಹಾಗಾದ್ರೆ ತೆಗೀಲಿ." ಬಲಗೈ ಚಾಚಿ ಪೆನ್ನು ಕೇಳಿದರು. ಗಾಲಿಮಂಚ ಹೊರಳಿಸಿಕೊಂಡು ಹೋಗುವಾಗ ಅಮ್ಮ ಅವರ ಆ ಪಾದವನ್ನು ಹೊದಿಕೆಯ ಮೇಲಿನಿಂದಲೇ ಬಾಗಿಲ ತನಕ ಹಿಡಿದುಕೊಂಡಿದ್ದಳು.

ಆಪರೇಷನ್ ಕೋಣೆಯ ದೀಪ ಉರಿಯುತ್ತಿತ್ತು. ಹೊರಗೆ ಗುಡ್ಡದ ಕಡೆಯ ಕಿಟಕಿಯ ಪಕ್ಕ ಬೆಂಚಿನ ಮೇಲೆ ಕೂತಿದ್ದಾಗ ಚೀಲದೊಳಗಿಂದ ಏನೂ ಕೇಳಿಸಲಿಲ್ಲ, ಸದ್ದು ಕಡಿಮೆ ಮಾಡಿಟ್ಟಿದ್ದೆ. ಮಾಳಿಗೆಗೆ ಹೋಗಿ ನೋಡೋಣ ಅಂತ ರೇಡಿಯೋ ಕೈಗೆತ್ತಿಕೊಂಡರೆ ಪರದೆಯ ಮೇಲೆ ಎರಡು ಸಂದೇಶ ಬಂದು ಕೂತಿದ್ದವು.

"ಬೇಡ. ಅಪ್ಪನ ಕಾಲು ಮುಟ್ಟಬೇಡಿ."

"ದೋಣಿಗೆ ಬರ್ತಿದ್ದೀನಿ. ದೊಡ್ಡ ಆಸ್ಪತ್ರೆಗೆ ಒಯ್ಯೋಣ. ತಡೀರಿ."

ಎರಡೂ ಬಂದು ಬಹಳ ಹೊತ್ತಾಗಿತ್ತು. ನನ್ನ ರೇಡಿಯೋ ಸುಮ್ಮನಿರುತ್ತದೆಯೇ? ಬಂದ ತಕ್ಷಣ ಎರಡಕ್ಕೂ ತಾನೇ ಹೂಂ ಅಂದಿತ್ತು. ತನ್ನ ಮಾತು ತಲುಪಿತು, ತಂಗಿ ತಡೆದಿರುತ್ತಾಳೆ ಅಂತ ಅಲ್ಲಿ ಅಣ್ಣ ನಿರಾಳವಾಗಿ ಬಟ್ಟೆ ತುಂಬಿಕೊಳ್ಳುತ್ತಿರಬೇಕು. ಬೆಂಚಿನ ಕಬ್ಬಿಣ ಹಿಡಿದುಕೊಂಡು ಕೂತೆ.

ಡಾಕ್ಟರಮ್ಮ ಹೊರಗೆ ಬಂದು, "ನಂಜು ನಾವು ಅಂದುಕೊಂಡಿದ್ದಕ್ಕಿಂತ ಮೇಲೆ ಹೋಗಿತ್ತು. ನಾಳೆ ತನಕ ಉಳೀತಿರಲಿಲ್ಲ. ಈಗ ಭಯವಿಲ್ಲ," ಎಂದರು. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡು ಅತ್ತಳು. ನಾನು ಅಣ್ಣನಿಗೆ "ಕಾಲು ತೆಗೆದರು. ಅಪ್ಪ ಬದುಕಿದ್ದಾರೆ. ಬಾ" ಅಂತ ಕಳಿಸಿದೆ. ಪೆಟ್ಟಿಗೆ ಹೂಂ ಅಂತು. ಅಣ್ಣ ಏನೂ ಅನ್ನಲಿಲ್ಲ.

ಅಪ್ಪ ಚೇತರಿಸಿಕೊಂಡರು. ಜ್ವರ ಇಳಿಯಿತು, ಗಂಜಿ ಇಳಿಯಿತು, ಕಣ್ಣಿಗೆ ಬೆಳಕು ಬಂತು. ಆದರೆ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಕಾಲಿನ ದುಃಖ ಅಂದುಕೊಂಡೆವು. "ಅಣ್ಣನಿಗೆ ಏನಾದ್ರೂ ಹೇಳ್ಬೇಕಾ ಅಪ್ಪಾ?" ಅಂತ ಕೇಳಿದ ದಿನ ಗೊತ್ತಾಯಿತು, ದುಃಖ ಕಾಲಿನದ್ದಲ್ಲ.

"ಅವನ ಹೆಸರೆತ್ತಬೇಡ."

"ಯಾಕೆ ಹಾಗಂತೀರಿ?" ಎಂದಳು ಅಮ್ಮ.

"ಅಷ್ಟು ಬೇಗ ಹೂಂ ಅಂದುಬಿಟ್ನಲ್ಲೇ. ಕೋಟಿನ ತೋಳು ಗಿಡ್ಡ ಮಾಡಿ ಅಂದ ಹಾಗೆ. ಯಾಕೆ, ಏನು, ಬೇರೆ ದಾರಿ ಇಲ್ವಾ ಅಂತ ಒಂದು ಮಾತು ಕೇಳಿದ್ನಾ? ಇವಳು ಜಗಳಗಂಟಿ, ಇವಳಾದ್ರೂ ಡಾಕ್ಟರ ಮುಂದೆಯೇ ನನ್ನ ಮೇಲೆ ಕೂಗಾಡಿದ್ಳು. ಅವನಿಗೆ ಅಪ್ಪನ ಕಾಲು ಬೇಡವಾಯ್ತು."

ನಡೆದದ್ದನ್ನು ನಾನು ಆಗಲೇ ಹೇಳಿಬಿಡಬಹುದಿತ್ತು. ಹೇಳಿದರೆ ಮೋಸ ಮಾಡಿ ಕಾಲು ಕತ್ತರಿಸಿದಿರಿ ಅಂತ ಅವರು ಹೊಲಿಗೆ ಕಿತ್ತುಕೊಂಡಾರು ಅನ್ನುವ ಹೆದರಿಕೆ ಇತ್ತು. ಅದೊಂದೇ ಅಲ್ಲ. ನಿಜ ಹೇಳುತ್ತೇನೆ, ಒಳಗೊಳಗೇ ಒಂದು ಚೂರು ಖುಷಿಯೂ ಆಗಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅಪ್ಪ ಅವನ ಜೊತೆ ನನ್ನನ್ನಿಟ್ಟು ತೂಗಿ ನನ್ನ ಕಡೆ ವಾಲಿದ್ದರು. ಆ ಖುಷಿಗೆ ನನಗೇ ಹೇಸಿಗೆಯಾಯಿತು, ಆದರೆ ಬಿಟ್ಟುಕೊಡಲಿಲ್ಲ. ದಿನಾ ಬ್ಯಾಂಡೇಜು ಬದಲಿಸುವಾಗ ಅಪ್ಪ ನನ್ನ ತಲೆ ಸವರುತ್ತಿದ್ದರು.

ದೋಣಿಯ ದಿನ ಅಣ್ಣ ನೇರ ಆಸ್ಪತ್ರೆಗೇ ಬಂದ. ಗಡ್ಡ ಬೆಳೆದಿತ್ತು, ತುಟಿ ಉಪ್ಪುಗಾಳಿಗೆ ಒಡೆದಿತ್ತು, ಹೆಗಲಲ್ಲಿ ಚೀಲ. ವಾರ್ಡಿನ ಬಾಗಿಲಲ್ಲಿ ನನ್ನನ್ನು ನೋಡಿ ಒಂದೇ ಮಾತು ಕೇಳಿದ: "ನನ್ನ ಸಂದೇಶ ಬಂದಿರಲಿಲ್ವಾ? ಹೂಂ ಬಂತಲ್ಲೇ ನಂಗೆ." ನಾನು ಬಾಯಿ ತೆಗೆಯುವ ಮೊದಲೇ ಒಳಗಿನಿಂದ ಅಪ್ಪನ ದನಿ ಬಂತು.

"ಬಂದ್ಯಾ? ಕಾಲು ತೆಗೀರಿ ಅಂದೋನು ಕಾಲಿಲ್ಲದೋನನ್ನ ನೋಡೋಕೆ ಬಂದ್ಯಾ?"

ಅಣ್ಣ ಮಂಚದ ಹತ್ತಿರ ಹೋಗಿ ನಿಂತ. "ನಾನು ಅಂದೆನಾ?"

"ಮತ್ತೆ? ಇವಳು ಕೇಳಿದ್ಳು, ನೀನು ಹೂಂ ಅಂದೆ. ಅರ್ಧ ಗಳಿಗೆ ಯೋಚನೆ ಮಾಡಲಿಲ್ಲ."

ಅಣ್ಣ ನನ್ನ ಕಡೆ ನೋಡಿದ. ರೇಡಿಯೋ ಕಲಿಸಿದವನು ಅವನೇ. ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವನ ಮುಖದಲ್ಲಿ ಸಿಟ್ಟು ಬಂದದ್ದು ಕಂಡಿತು, ಹೊದಿಕೆಯ ಉಬ್ಬು ತಟ್ಟನೆ ಮುಗಿದುಹೋಗುವ ಜಾಗದ ಮೇಲೆ ಅವನ ಕಣ್ಣು ನಿಂತದ್ದು ಕಂಡಿತು, ಆಮೇಲೆ ಸಿಟ್ಟನ್ನು ಅವನು ನುಂಗಿಕೊಂಡದ್ದೂ ಕಂಡಿತು. ಮಂಚದ ಅಂಚಿನಲ್ಲಿ ಕೂತ.

"ಹೌದಪ್ಪಾ," ಎಂದ. "ನಾನೇ ಅಂದಿದ್ದು. ತಪ್ಪಾಯ್ತು, ಇನ್ನೂ ಕೇಳಬೇಕಿತ್ತು ನಾನು."

ಅಯ್ಯೋ, ಇದಕ್ಕೂ ಇವನೇ ದೊಡ್ಡೋನಾಗಬೇಕಾ! ನಾನು ಹೊತ್ತದ್ದನ್ನು ನನ್ನ ತಲೆಯಿಂದ ಕಿತ್ತು ತನ್ನ ತಲೆಗೆ ಇಟ್ಟುಕೊಳ್ಳುತ್ತಾನೆ, ಕೇಳಲೂ ಇಲ್ಲ. ಅಪ್ಪನ ಮುಖ ಬೂದಿಯಾಯಿತು. ಅಲ್ಲ ಅನ್ನಲಿ ಅಂತ ಅವರು ಕಾದಿದ್ದರು ಅಂತ ಆಗ ಹೊಳೆಯಿತು. ನನಗೆ ತಡೆಯಲಾಗಲಿಲ್ಲ.

"ಸುಳ್ಳು!" ಎಂದು ಕಿರುಚಿದೆ. ಪಕ್ಕದ ಹಾಸಿಗೆಯವರು ಎದ್ದು ಕೂತರು. "ಅವನು ಹೂಂ ಅನ್ನಲೇ ಇಲ್ಲ ಅಪ್ಪಾ. ಅವನು ಕೋಣೆಯಲ್ಲೇ ಇರಲಿಲ್ಲ. ಹೂಂ ಅಂದಿದ್ದು ಪೆಟ್ಟಿಗೆ. ನಂಗೆ ಗೊತ್ತಿತ್ತು. ಗೊತ್ತಿದ್ದೇ ನಿಮಗೆ ಹಾಗೆ ಹೇಳಿದೆ."

"ಸುಮ್ನಿರೇ," ಎಂದ ಅಣ್ಣ.

"ನೀನು ಸುಮ್ನಿರೋ!"

ಅಪ್ಪ ಒಬ್ಬರಾದ ಮೇಲೆ ಒಬ್ಬರನ್ನು ನೋಡಿದರು. ಆಮೇಲೆ ಬಹಳ ಮೆಲ್ಲಗೆ ಅಣ್ಣನನ್ನು ಕೇಳಿದರು, "ಹಾಗಾದ್ರೆ ನೀನು ಏನಂದಿದ್ದೆ?"

ಅಣ್ಣ ತಲೆ ತಗ್ಗಿಸಿದ.

"ಹೇಳೋ."

"ಬೇಡ ಅಂದಿದ್ದೆ. ಮುಟ್ಟಬೇಡಿ, ನಾನು ಬರ್ತೀನಿ ಅಂದಿದ್ದೆ."

ಅಪ್ಪ ಎರಡೂ ಕೈಯಿಂದ ಅವನ ತಲೆ ಎಳೆದು ಎದೆಗೆ ಒತ್ತಿಕೊಂಡರು. ಗೊಳೋ ಅಂತ ಅತ್ತರು. ಕಾಲು ಹೋದಾಗಲೂ ಹಾಗೆ ಅತ್ತಿರಲಿಲ್ಲ. "ಬೇಡ ಅಂದಿದ್ದ, ನನ್ನ ಮಗ ಬೇಡ ಅಂದಿದ್ದ," ಅಂತ ಅಮ್ಮನಿಗೆ, ಸಿಸ್ಟರಿಗೆ, ಪಕ್ಕದ ಹಾಸಿಗೆಯವರಿಗೆ ಹೇಳಿದರು. ಅಣ್ಣ ಅವರ ಎದೆಯಿಂದಲೇ, "ಅಪ್ಪಾ, ನಾನು ಅಂದಿದ್ದು ತಪ್ಪು. ನನ್ನ ಮಾತು ಕೇಳಿದ್ರೆ ಇವತ್ತು ನೀವು ಇರ್ತಿರಲಿಲ್ಲ, ಡಾಕ್ಟರಮ್ಮನ್ನ ಕೇಳಿ" ಎಂದ. ಅದು ಅವರ ಕಿವಿಗೆ ಹೋಗಲಿಲ್ಲ. ಅತ್ತು ಮುಗಿದ ಮೇಲೆ ನನ್ನ ಕಡೆ ನೋಡದೆ ಅಮ್ಮನಿಗೆ ಹೇಳಿದರು, "ಇವಳನ್ನ ಆಚೆ ಕಳಿಸು."

ನಾನು ಹೊರಗಿನ ಓಣಿಯಲ್ಲಿ ಗೋಡೆಗೆ ಒರಗಿ ನಿಂತೆ. ಸ್ವಲ್ಪ ಹೊತ್ತಿಗೆ ಅಮ್ಮ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನಂಗೂ ಗೊತ್ತಿತ್ತು ಕಣೇ," ಎಂದಳು. "ನೀನು ಹೇಳಿದಾಗಲೇ ಗೊತ್ತಾಯ್ತು, ಯಾವ ಹೂಂ ಅಂತ."

"ಹಾಗಾದ್ರೆ ಒಳಗೆ ಹೋಗಿ ಹೇಳು."

ಅವಳು ವಾರ್ಡಿನ ಬಾಗಿಲ ಕಡೆ ನೋಡಿದಳು. "ಮುಂದಿನ ದೋಣಿಗೆ ಅವನು ದ್ವೀಪಕ್ಕೆ ಹೊರಡ್ತಾನೆ. ನಾನೂ ಬಾಯಿ ಬಿಟ್ರೆ ಆ ಮನುಷ್ಯನಿಗೆ ಮನೇಲಿ ಮಾತಾಡೋಕೆ ಯಾರು ಉಳೀತಾರೆ, ಹೇಳು?"

ಅಮ್ಮನ ಮೇಲೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿ ಅಂತಲೂ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಅವಳು ನನ್ನ ಕೆನ್ನೆ ಒರೆಸಿ ಒಳಗೆ ಹೋದಳು.

ಅಣ್ಣ ದ್ವೀಪಕ್ಕೆ ಹೋಗಿದ್ದಾನೆ. ಹೊರಡುವ ಮುಂಚೆ ಅಪ್ಪನ ಜೊತೆ ಮೂರು ಸಲ ಮಾತಾಡಿದ. ಪ್ರತಿ ಸಲವೂ ಅಪ್ಪ ಅವನ ಕೈ ಹಿಡಿದುಕೊಂಡು ಎಲ್ಲ ಕೇಳಿಸಿಕೊಂಡರು, ಪ್ರತಿ ಸಲವೂ "ನಿನ್ನ ಮನಸ್ಸು ದೊಡ್ಡದು" ಅಂದರು. ಅಂಗಡಿ ನಾನು ನಡೆಸುತ್ತಿದ್ದೇನೆ. ಮಿಷನ್ನಿಗೆ ಮೋಟಾರು ಹಾಕಿಸಿದ್ದೇನೆ. ಗಿರಾಕಿಗಳು ಅಪ್ಪ ಹೇಗಿದ್ದಾರೆ ಅಂದರೆ ಚೆನ್ನಾಗಿದ್ದಾರೆ ಅನ್ನುತ್ತೇನೆ, ಚೆನ್ನಾಗಿಯೇ ಇದ್ದಾರೆ. ಊರುಗೋಲಿನ ಮೇಲೆ ಬಾಗಿಲ ತನಕ ಬರುತ್ತಾರೆ, ಪೇಪರಿನವನ ಜೊತೆ ಹರಟುತ್ತಾರೆ. ಅವತ್ತಿನಂಥ ದಿನ ಮತ್ತೊಮ್ಮೆ ಬಂದರೆ ಮತ್ತೆ ಅದನ್ನೇ ಹೇಳುತ್ತೇನೆ. ಇದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವರು ಕೇಳಲಿಲ್ಲ ಅನ್ನುವ ಹಾಗೆ ಎದ್ದು ಹೋಗುತ್ತಾರೆ.

ಬೆಳಿಗ್ಗೆ ಗಾಯಕ್ಕೆ ಪಟ್ಟಿ ಸುತ್ತುವವಳು ಮಾತ್ರ ನಾನೇ, ಅಮ್ಮನಿಗೆ ಅದನ್ನು ಮುಟ್ಟಲು ಧೈರ್ಯವಿಲ್ಲ. ನಾನು ನೆಲದ ಮೇಲೆ ಕೂತು ಅವರ ಮೊಣಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಳ್ಳುತ್ತೇನೆ. ಅವರು ಕಿಟಕಿ ನೋಡುತ್ತಾರೆ. ಅವರ ಉಸಿರು ನನ್ನ ತಲೆಗೂದಲಿಗೆ ತಾಕುವಷ್ಟು ಹತ್ತಿರ.

"ಬಿಗಿಯಾಯ್ತು ಅಂತ ಹೇಳು ಅವಳಿಗೆ," ಎನ್ನುತ್ತಾರೆ ಅಮ್ಮನ ಕಡೆ ತಿರುಗಿ.

"ಬಿಗಿಯಾಯ್ತಂತೆ ಕಣೇ," ಎನ್ನುತ್ತಾಳೆ ಅಮ್ಮ.

ನಾನು ಪಟ್ಟಿ ಬಿಚ್ಚಿ ಸಡಿಲವಾಗಿ ಸುತ್ತುತ್ತೇನೆ.